ಹನ್ನೆರಡು ಅಡಿ ಅಲ್ಯೂಮಿನಿಯಂ ಆಂಗಲ್, ಒಂದು ಬೇರಿಂಗ್ ಗುಂಡು: ವೇಗೋತ್ಕರ್ಷವನ್ನು ಕಿವಿಯಿಂದ ಅಳೆಯುವ ಇಳಿಜಾರು

ಕೈಯಿಂದ ಬಿಟ್ಟ ಕಲ್ಲು ಒಂದು ಮೀಟರ್ ಬೀಳಲು 0.45 ಸೆಕೆಂಡು ಸಾಕು. ಕಂಡದ್ದಕ್ಕೆ ಬೆರಳು ಸ್ಪಂದಿಸುವುದರಲ್ಲೇ 0.2 ಸೆಕೆಂಡು ಹೋಗುತ್ತದೆ. ಹೀಗಾಗಿ ಸ್ಟಾಪ್‌ವಾಚ್ ಹಿಡಿದು ಕಲ್ಲು ಬೀಳಿಸಿ s = ½at² (ದೂರ = ½ × ವೇಗೋತ್ಕರ್ಷ × ಕಾಲದ ವರ್ಗ) ಸರಿಯೋ ತಪ್ಪೋ ಎಂದು ನೋಡಲು ಹೊರಟರೆ ಅಳೆದಂತಾಗುವುದು ಕಲ್ಲನ್ನಲ್ಲ, ಬೆರಳನ್ನು. ಬೀಳುವುದನ್ನೇ ನಿಧಾನ ಮಾಡಬೇಕು. ಗೆಲಿಲಿಯೋ ಮಾಡಿದ್ದೂ ಅದನ್ನೇ. ಸುಮಾರು 12 ಮೊಳ ಉದ್ದದ ಮರದ ತೊಲೆಯಲ್ಲಿ ಉದ್ದಕ್ಕೆ ತೋಡು ಕೊರೆಸಿ, ಅದಕ್ಕೆ ನಯವಾದ ಚರ್ಮದ ಹಾಳೆ ಅಂಟಿಸಿ, ಕಂಚಿನ ಗುಂಡು ಉರುಳಿಸಿ, ಪಾತ್ರೆಯಿಂದ ಸುರಿದ ನೀರನ್ನು ತೂಗಿ ಕಾಲ ಅಳೆದೆನೆಂದು 1638ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ.

ಇಲ್ಲಿರುವುದು ಅದೇ ಇಳಿಜಾರು. ಸಾಮಾನು ಶಿರಸಿ, ಕುಮಟಾ, ಕಾರವಾರದ ಅಂಗಡಿಗಳಲ್ಲಿ ಸಿಗುವಂಥದ್ದು, ಅಳತೆ ಮೊಬೈಲ್ ಮೈಕಿನದ್ದು. ಒಂಬತ್ತನೇ ತರಗತಿಯ ಚಲನೆಯ ಪಾಠಕ್ಕೂ ಪ್ರಥಮ ಪಿಯುಸಿಯ ಸರಳರೇಖೆಯ ಚಲನೆಗೂ ಇದೊಂದೇ ಸಾಕು. ಕಟ್ಟುವುದು ಅರ್ಧ ದಿನದ ಕೆಲಸ. ಅದಕ್ಕಿಂತ ಹೆಚ್ಚು ಹೊತ್ತು ಬೇಡುವುದು ಯಾವ ದೋಷ ಅಂಕಿಯಲ್ಲಿ ಯಾವ ಗುರುತು ಬಿಡುತ್ತದೆ ಎಂದು ಓದುವುದು. ಈ ಬರಹದ ಹೆಚ್ಚಿನ ಭಾಗ ಅದಕ್ಕೇ ಹೋಗಿದೆ.

ಹಳಿ ಯಾವುದರದ್ದು?

ಮಲೆನಾಡಿನ ಮನೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಅಡಿಕೆ ದಬ್ಬೆ. ಒಳಗಿನ ತಿರುಳು ಕೆತ್ತಿದರೆ ಸೊಗಸಾದ ದೋಣಿಯೇನೋ ಆಗುತ್ತದೆ, ಗುಂಡು ಮಾತ್ರ ನೆಟ್ಟಗೆ ಉರುಳುವುದಿಲ್ಲ. ನಾರು ಎದ್ದು ತಡೆಯುತ್ತದೆ, ಒಣಗುತ್ತ ದಬ್ಬೆ ತಿರುಚಿಕೊಳ್ಳುತ್ತದೆ. ವೈರಿಂಗ್‌ನ ಪಿವಿಸಿ ಕೇಸಿಂಗ್ ಪಟ್ಟಿ ಅಗ್ಗ, ಆದರೆ ಎರಡು ಆಧಾರಗಳ ನಡುವೆ ಹಗ್ಗದ ಹಾಗೆ ಜೋಲುತ್ತದೆ. ಕಬ್ಬಿಣದ ಆಂಗಲ್‌ನ ಮೈ ಒರಟು. ಕರಾವಳಿಯ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಚಕ್ಕೆ ಏಳುತ್ತದೆ.

ಸರಿಯಾದದ್ದು ಅಲ್ಯೂಮಿನಿಯಂ ಎಲ್-ಆಂಗಲ್. ಕಿಟಕಿ, ಪಾರ್ಟಿಶನ್ ಮಾಡುವವರ ಹತ್ತಿರ 25 × 25 ಮಿ.ಮೀ., ದಪ್ಪ 1.5 ಮಿ.ಮೀ. ಎಂದು ಕೇಳಿ. ಪೂರ್ತಿ ಉದ್ದ 12 ಅಡಿ, ಅಂದರೆ 3.66 ಮೀಟರ್. ಅಂಗಡಿಯಲ್ಲೇ 2 ಮೀಟರ್, 1 ಮೀಟರ್ ಎಂದು ಕತ್ತರಿಸಿಕೊಳ್ಳಿ. ಉಳಿದ 66 ಸೆಂ.ಮೀ. ಬಿಟ್ಟು ಬರಬೇಡಿ, ಗುಂಡು ಜೋಡಿಸಿ ನೋಡಲು ಬೇಕಾಗುತ್ತದೆ. ತರುವಾಗ ಬಸ್ಸಿನ ಮೇಲೆ ಬಿಡಿಯಾಗಿ ಹಾಕಿದರೆ ಬಾಗುತ್ತದೆ. ಬಿದಿರಿಗೆ ಕಟ್ಟಿ ತನ್ನಿ.

ಆಂಗಲ್ಲನ್ನು ಮೂಲೆ ಕೆಳಗಾಗುವಂತೆ V ಆಕಾರದಲ್ಲಿ ಕೂರಿಸಬೇಕು. ಗುಂಡು ಎರಡು ಗೋಡೆಗಳಿಗೆ ಒಂದೊಂದು ಬಿಂದುವಿನಲ್ಲಿ ತಾಗಿ ಉರುಳುತ್ತದೆ, ಅತ್ತಿತ್ತ ಹೊರಳುವುದಿಲ್ಲ.

ಗುಂಡು 19 ಮಿ.ಮೀ. ಆಸುಪಾಸಿನ ಉಕ್ಕಿನದ್ದು. ಘಟ್ಟದ ರಸ್ತೆಯ ಯಾವುದೇ ಲಾರಿ ಗ್ಯಾರೇಜಿನಲ್ಲಿ ಒಡೆದ ದೊಡ್ಡ ಬೇರಿಂಗ್ ಬಿದ್ದಿರುತ್ತದೆ. ಸೈಕಲ್ ಅಂಗಡಿಯ 6 ಮಿ.ಮೀ. ಗುಂಡು ಬೇಡ. ಅದು V ಮೂಲೆಯಿಂದ ಬರೀ 3 ಮಿ.ಮೀ. ದೂರದಲ್ಲಿ ಗೋಡೆಗೆ ತಾಗುತ್ತದೆ, ಮೂಲೆಯಲ್ಲಿ ಕೂತ ಧೂಳೆಲ್ಲ ಅದರ ದಾರಿಯಲ್ಲೇ ಇರುತ್ತದೆ. 19 ಮಿ.ಮೀ. ಗುಂಡು ತಾಗುವುದು ಮೂಲೆಯಿಂದ 9.5 ಮಿ.ಮೀ. ಮೇಲೆ, ಧೂಳಿನ ಮೇಲಿಂದಲೇ ದಾಟಿ ಹೋಗುತ್ತದೆ. ಹುಡುಗರ ಗಾಜಿನ ಗೋಲಿಯೂ ಆದೀತು, ಆದರೆ ಅದು ಪೂರ್ತಿ ದುಂಡಗಿರುವುದಿಲ್ಲ. ಕಿವಿಗೊಟ್ಟರೆ ಹಳಿಯ ಮೇಲೆ ಗರಗರ ಶಬ್ದದಲ್ಲೇ ಗೊತ್ತಾಗುತ್ತದೆ.

ಉಳಿದಂತೆ ಬೇಕಾದದ್ದು: 2 ಮೀಟರ್ ಉದ್ದ, 3 ಇಂಚು ಅಗಲ, ಒಂದೂವರೆ ಇಂಚು ದಪ್ಪದ ರಂದ ಹೊಡೆದ ಹಲಗೆ, V ಕಚ್ಚು ಹಾಕಿದ ಎಂಟು ಮರದ ತುಂಡು, ಎಂ-ಸೀಲ್, 8 ಮಿ.ಮೀ. ಪಾರದರ್ಶಕ ಪೈಪು 4 ಮೀಟರ್. ಪಾರ್ಸೆಲ್ ಕಟ್ಟುವ ಕಂದು ಟೇಪು. ಸ್ಟೀಲ್ ಅಳತೆ ಟೇಪು. ಗಾಳಕ್ಕೆ ಕಟ್ಟುವ ನೈಲಾನ್ ದಾರ. ಹಲಗೆ ಮಳೆಗಾಲದ ಮುಂಚೆಯೇ ಒಣಗಿದ ಮರದ್ದಾಗಿರಲಿ. ಜುಲೈನಲ್ಲಿ ಮಿಲ್ಲಿನಿಂದ ತಂದ ಹಸಿ ಹಲಗೆ ದೀಪಾವಳಿಯ ಹೊತ್ತಿಗೆ ಬಿಲ್ಲಾಗಿರುತ್ತದೆ.

ನೇರ ಮಾಡುವುದು

ಎಂಟು ತುಂಡುಗಳಿಗೂ ಒಂದೇ ಆಳದ 90 ಡಿಗ್ರಿ ಕಚ್ಚು ಬೇಕು. ಎಂಟನ್ನೂ ಒಟ್ಟಿಗೆ ಶಿಕಂಜದಲ್ಲಿ ಹಿಡಿದು ಒಂದೇ ಸಲ ಕೊರೆಯಲು ಆಚಾರಿಗೆ ಹೇಳಿ. ಐದನ್ನು ಹಲಗೆಯ ಮೇಲೆ ತುದಿಯಿಂದ ತುದಿಗೆ 50 ಸೆಂ.ಮೀ. ಅಂತರದಲ್ಲಿ ಸ್ಕ್ರೂ ಹಾಕಿ ಕೂರಿಸಿ. ಉಳಿದ ಮೂರು ತುಂಡು, ಇಳಿಜಾರಿನ ಕೆಳತುದಿಗೆ ಆಮೇಲೆ ಜೋಡಿಸುವ ಒಂದು ಮೀಟರಿನ ಮಟ್ಟದ ಹಳಿಗೆ. ಆಂಗಲ್ಲನ್ನು ಕಚ್ಚುಗಳಲ್ಲಿ ಇಡಿ, ಇನ್ನೂ ಅಂಟಿಸಬೇಡಿ.

ಈಗ ಮೂರು ಐದು ರೂಪಾಯಿ ನಾಣ್ಯ ತೆಗೆದುಕೊಳ್ಳಿ, ಮೂರೂ ಒಂದೇ ಅಚ್ಚಿನವು. ಎರಡನ್ನು ಆಂಗಲ್‌ನ ಒಂದು ಅಂಚಿನ ಎರಡು ತುದಿಗಳಲ್ಲಿಟ್ಟು ಅವುಗಳ ಮೇಲೆ ನೈಲಾನ್ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ. ಮೂರನೆಯದನ್ನು ದಾರದ ಕೆಳಗೆ ತೂರಿಸುತ್ತ ಉದ್ದಕ್ಕೂ ಹೋಗಿ. ನಾಣ್ಯ ಸಡಿಲವಾಗಿ ಹೋದಲ್ಲಿ ಆಂಗಲ್ ಜೋತಿದೆ, ದಾರವನ್ನು ಎತ್ತಿದಲ್ಲಿ ಉಬ್ಬಿದೆ. ಜೋತಲ್ಲಿ ಕಚ್ಚಿನೊಳಗೆ ಪೋಸ್ಟ್‌ಕಾರ್ಡಿನ ತುಂಡು ಪ್ಯಾಕಿಂಗ್ ಕೊಡಿ. ಇನ್ನೊಂದು ಅಂಚಿನಲ್ಲೂ ಇದನ್ನೇ ಮಾಡಿ, ಇಲ್ಲದಿದ್ದರೆ ತಿರುಚು ಉಳಿದುಬಿಡುತ್ತದೆ. ಎರಡೂ ಕಡೆ ಸರಿಯಾದ ಮೇಲೆ ಪ್ರತಿ ಕಚ್ಚಿಗೂ ಸುಪಾರಿಯಷ್ಟು ಎಂ-ಸೀಲ್ ಒತ್ತಿ ರಾತ್ರಿಯಿಡೀ ಬಿಡಿ. ಸ್ಕ್ರೂ ಹಾಕಿ ಎಳೆದರೆ ಆಂಗಲ್ ಮತ್ತೆ ಬಾಗುತ್ತದೆ. ಎಂ-ಸೀಲ್ ಇದ್ದಲ್ಲೇ ಹಿಡಿದುಕೊಳ್ಳುತ್ತದೆ.

ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ಎರಡು ಮೀಟರಿನ ನಡುವೆ ಬರೀ 3 ಮಿ.ಮೀ. ಜೋತರೂ ಮೇಲ್ತುದಿಯ ಇಳಿಜಾರು 0.006 ಹೆಚ್ಚುತ್ತದೆ, ಕೆಳತುದಿಯದ್ದು ಅಷ್ಟೇ ಕಡಿಮೆಯಾಗುತ್ತದೆ. ನಮ್ಮ ಇಳಿಜಾರು ಇರುವುದೇ 0.05. ಅಂದರೆ ಮೇಲೆ ಶೇ. 12 ಹೆಚ್ಚು, ಕೆಳಗೆ ಶೇ. 12 ಕಡಿಮೆ. ‘ಏಕರೂಪ ವೇಗೋತ್ಕರ್ಷ’ ಎಂದು ಬರೆದುಕೊಂಡು ಬೇರೇನನ್ನೋ ಅಳೆದಂತಾಗುತ್ತದೆ.

ಏರಿಸುವುದು

ಮೇಲಿನ ತುದಿಯ ಕೆಳಗೆ ಚಿರೇಕಲ್ಲು, ಅದರ ಮೇಲೆ ಪ್ಲೈವುಡ್ ತುಂಡುಗಳು. 2 ಮೀಟರಿಗೆ 10 ಸೆಂ.ಮೀ. ಏರು, ಅಂದರೆ 20ಕ್ಕೆ 1. ಕೊಂಕಣ ರೈಲಿನ ಹಳಿ 150ಕ್ಕೆ 1ಕ್ಕಿಂತ ಕಡಿದಾಗಬಾರದೆಂದು ಹಾಕಿದ್ದು. ಅದಕ್ಕೆ ಹೋಲಿಸಿದರೆ ನಮ್ಮದು ಘಟ್ಟವೇ, ಆದರೂ ಗುಂಡು ಸಾವಕಾಶವಾಗಿ ಇಳಿಯುತ್ತದೆ.

ಏರನ್ನು ನೆಲದಿಂದ ಅಳೆಯಬೇಡಿ. ಹಳೆಯ ಮನೆಗಳ ಜಗಲಿ ತೊಳೆದ ನೀರು ಹರಿದುಹೋಗಲೆಂದೇ ಓರೆಯಾಗಿರುತ್ತದೆ, ಶಾಲೆಯ ವರಾಂಡವೂ ಹಾಗೆಯೇ. ಗಾರೆ ಕೆಲಸದವರ ಹಾಗೆ ನೀರಿನ ಪೈಪಿನಿಂದ ಮಟ್ಟ ಹಿಡಿಯಿರಿ. ಪೈಪಿಗೆ ನೀರು ತುಂಬಿ, ಎರಡು ತುದಿಗಳನ್ನೂ ಎತ್ತಿ ಹಿಡಿದು, ನೀರು ನಿಂತ ಮೇಲೆ ಎರಡೂ ಕಡೆ ನೀರಿನ ಮಟ್ಟದಿಂದ ಆಂಗಲ್ ಅಂಚಿನವರೆಗೆ ಅಳೆಯಿರಿ. ಎರಡು ಅಳತೆಗಳ ವ್ಯತ್ಯಾಸವೇ ಏರು. ಪೈಪಿನಲ್ಲಿ ಒಂದು ಗುಳ್ಳೆ ಸಿಕ್ಕಿಕೊಂಡಿದ್ದರೂ ಮಟ್ಟ ಸುಳ್ಳು ಹೇಳುತ್ತದೆ. ಪೈಪನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, ಒಂದು ತುದಿಯಿಂದ ನಿಧಾನವಾಗಿ ತುಂಬಿ. ನೀರಿನ ಗೆರೆ ಎದ್ದು ಕಾಣಲು ಒಂದೆರಡು ಹನಿ ಮುರುಗಲ ರಸ ಸಾಕು.

ಹಳಿಯ ಉದ್ದಕ್ಕೆ 180 ಸೆಂ.ಮೀ. ದೂರದ ಎರಡು ಗುರುತುಗಳ ನಡುವಿನ ಏರು 90 ಮಿ.ಮೀ. ಬಂದರೆ sinθ = 90/1800 = 0.050 (θ ಎಂದರೆ ಇಳಿಜಾರಿನ ಕೋನ). ಕೋನಮಾಪಕ ಇಟ್ಟು θ ಅಳೆಯಲು ಹೋಗಬೇಡಿ. ಈ ಕೋನ 2.87 ಡಿಗ್ರಿ, ಅರ್ಧ ಡಿಗ್ರಿ ತಪ್ಪು ಓದಿದರೂ ಶೇ. 17 ತಪ್ಪು. ಏರಿನಲ್ಲಿ 1 ಮಿ.ಮೀ. ತಪ್ಪಿದರೆ ಶೇ. 1 ಮಾತ್ರ.

ಟಿಕ್ ಟಿಕ್ ಪಟ್ಟಿಗಳು

ಮೇಲ್ತುದಿಯಿಂದ 10 ಸೆಂ.ಮೀ. ಕೆಳಗೆ ಸೊನ್ನೆಯ ಗೆರೆ. ಅಲ್ಲಿಂದ 5, 20, 45, 80, 125, 180 ಸೆಂ.ಮೀ.ಗಳಲ್ಲಿ ಗೆರೆ. ಇವು 5ನ್ನು 1, 4, 9, 16, 25, 36ರಿಂದ ಗುಣಿಸಿದ ಸಂಖ್ಯೆಗಳು. ಪ್ರತಿ ಗೆರೆಯಲ್ಲೂ 4 ಮಿ.ಮೀ. ಅಗಲಕ್ಕೆ ಸೀಳಿದ ಕಂದು ಟೇಪಿನ ಪಟ್ಟಿಯನ್ನು V ಒಳಗೆ ಅಡ್ಡಕ್ಕೆ ಅಂಟಿಸಿ, ಪಟ್ಟಿಯ ಮೇಲಂಚು ಸರಿಯಾಗಿ ಗೆರೆಯ ಮೇಲೆ ಬರಲಿ. ಗುಂಡು ಆ ಅಂಚನ್ನು ಹತ್ತುವಾಗ ಸಣ್ಣದೊಂದು ‘ಟಿಕ್’ ಬರುತ್ತದೆ. ಕಿವಿಗೆ ಮೆಲ್ಲಗೆ ಕೇಳಿದರೂ ಹಲಗೆಯ ಮೇಲಿಟ್ಟ ಮೊಬೈಲಿಗೆ ಸ್ಪಷ್ಟ.

ಕರೆಂಟಿನವರ ಇನ್ಸುಲೇಶನ್ ಟೇಪು ಹಾಕಿದರೆ ಶಬ್ದ ಜೋರಾಗಿ ಬರುತ್ತದೆ, ಆದರೆ ಅದರ ದಪ್ಪ ಕಂದು ಟೇಪಿನ ಎರಡು ಮೂರು ಪಟ್ಟು. ಪ್ರತಿ ಮೆಟ್ಟಿಲಲ್ಲೂ ಗುಂಡು ವೇಗ ಕಳೆದುಕೊಳ್ಳುತ್ತದೆ, ಆರು ಪಟ್ಟಿ ದಾಟುವಷ್ಟರಲ್ಲಿ ನಷ್ಟ ಅಂಕಿಯಲ್ಲಿ ಕಾಣುತ್ತದೆ. ಕಂದು ಟೇಪು ಒಂದೇ ಪದರ ಸಾಕು.

ಬಿಡುವ ಬಾಗಿಲಿಗೆ ಸ್ಟೀಲ್ ಸ್ಕೇಲ್. ಹಳಿಗೆ ಅಡ್ಡಲಾಗಿ ನಿಲ್ಲಿಸಿ, ಗುಂಡು ಅದಕ್ಕೆ ಒರಗಲಿ. ಬಿಡುವಾಗ ಸ್ಕೇಲನ್ನು ಇಳಿಜಾರಿನ ದಿಕ್ಕಿಗೇ, ಗುಂಡಿನಿಂದ ದೂರ, ಚಕ್ಕನೆ ಸರಿಸಿ. ಮೇಲಕ್ಕೆತ್ತಿದರೆ ಸ್ಕೇಲ್ ಗುಂಡನ್ನು ತಿಕ್ಕಿ ತಿರುಗಿಸುತ್ತದೆ. ಬೆರಳಿಂದ ಹಿಡಿದು ಬಿಟ್ಟರೆ ಗೊತ್ತಿಲ್ಲದೆ ನೂಕಿರುತ್ತೀರಿ.

ಸೊನ್ನೆಗೆ ಬರಬೇಕಾದದ್ದು ಗುಂಡಿನ ನಡುಭಾಗ, ಮೂತಿಯಲ್ಲ. ಹಳಿಗೆ ತಾಗುವ ಬಿಂದು ಇರುವುದು ಕೇಂದ್ರದ ನೇರಕ್ಕೆ. ಹಾಗಾಗಿ 19 ಮಿ.ಮೀ. ಗುಂಡಿಗೆ ಸ್ಕೇಲ್ ನಿಲ್ಲಬೇಕಾದದ್ದು ಸೊನ್ನೆಯಿಂದ 9.5 ಮಿ.ಮೀ. ಕೆಳಗೆ.

ಈಗ ಬಿಡಿ, ಕಣ್ಣು ಮುಚ್ಚಿ ಕೇಳಿ. ದೂರಗಳು ದೊಡ್ಡದಾಗುತ್ತ ಹೋದರೂ ಟಿಕ್‌ಗಳು ಸಮ ಅಂತರದಲ್ಲಿ, ತಾಳ ಹಾಕಿದ ಹಾಗೆ ಬರುತ್ತವೆ. ಯಕ್ಷಗಾನ ನೋಡಿ ಬೆಳೆದ ಹುಡುಗರಿಗೆ ತಾಳ ತಪ್ಪಿದ್ದು ಯಾರೂ ಹೇಳಿಕೊಡದೆಯೇ ಗೊತ್ತಾಗುತ್ತದೆ. ಆಮೇಲೆ ಇನ್ನೊಂದು ಅಂಚಿನಲ್ಲಿ 30, 60, 90, 120, 150, 180ರ ಗುರುತು ಹಾಕಿ ಪಟ್ಟಿಗಳನ್ನು ಅಲ್ಲಿಗೆ ಬದಲಿಸಿ. ಟಿಕ್‌ಗಳು ಒತ್ತೊತ್ತಾಗಿ ಓಡುತ್ತವೆ. ವೇಗೋತ್ಕರ್ಷವೆಂದರೇನೆಂದು ವಿವರಿಸುವ ಮೊದಲು ಇವೆರಡನ್ನೂ ಕೇಳಿಸುವುದು ಒಳ್ಳೆಯದು. ಗೆಲಿಲಿಯೋ ಕೂಡ ಹಳಿಗೆ ತಂತಿ ಕಟ್ಟಿ ಹೀಗೆ ತಾಳ ಕೇಳಿಯೇ ಅಳೆದಿರಬೇಕು ಎಂದು ಅವನ ಹಸ್ತಪ್ರತಿಗಳನ್ನು ಓದಿದ ಇತಿಹಾಸಕಾರ ಸ್ಟಿಲ್‌ಮನ್ ಡ್ರೇಕ್ 1970ರ ದಶಕದಲ್ಲಿ ವಾದಿಸಿದ. ಗೆಲಿಲಿಯೋನ ತಂದೆ ಸಂಗೀತಗಾರನಾಗಿದ್ದದ್ದು ಎಲ್ಲರಿಗೂ ಗೊತ್ತಿರುವ ಸಂಗತಿಯೇ.

ರೆಕಾರ್ಡ್ ಮಾಡಿ ಅಳೆಯುವುದು

ಮೊಬೈಲಿನ ಯಾವ ರೆಕಾರ್ಡರ್ ಆದರೂ ಸರಿ. ಮೈಕಿರುವ ತುದಿ ಹಲಗೆಗೆ ತಾಗಿರಲಿ. ಫೈಲನ್ನು ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ತೆರೆದರೆ ಪ್ರತಿ ಟಿಕ್ ಒಂದು ಮುಳ್ಳಿನ ಹಾಗೆ ಎದ್ದು ಕಾಣುತ್ತದೆ. ಪಟ್ಟಿ ಹತ್ತಿದ್ದಕ್ಕೊಂದು, ಇಳಿದದ್ದಕ್ಕೊಂದು ಮುಳ್ಳಿರಬಹುದು. ಯಾವಾಗಲೂ ಮೊದಲನೆಯದನ್ನೇ ಓದಿ. ಫೈಫಾಕ್ಸ್ ಆ್ಯಪ್‌ನಲ್ಲಿ ಶಬ್ದಕ್ಕೆ ಓಡುವ ಸ್ಟಾಪ್‌ವಾಚ್ ಇದೆ, ಕಂಪ್ಯೂಟರ್ ಬೇಡ. ಆದರೆ ಗುಂಡಿನ ವೇಗ ಏರಿದಂತೆ ಉರುಳುವ ಸದ್ದೂ ಏರಿ, ಅದನ್ನೇ ಟಿಕ್ ಎಂದು ತಿಳಿಯುವುದುಂಟು. ಎರಡೇ ಟಿಕ್ ಅಳೆಯುವುದಕ್ಕೆ ಅದು ಚೆನ್ನ, ಆರಕ್ಕೆ ರೆಕಾರ್ಡಿಂಗೇ ಮೇಲು.

ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಇದ್ಯಾವುದೂ ನಡೆಯುವುದಿಲ್ಲ, ಮಳೆಯ ಸದ್ದೇ ಎಲ್ಲವನ್ನೂ ನುಂಗುತ್ತದೆ. ಆಗ 27 ಮಿ.ಮೀ. ಪೀಜೋ ಬಿಲ್ಲೆಯೊಂದನ್ನು (ನಡುಕವನ್ನು ವಿದ್ಯುತ್ತಾಗಿಸುವ ತೆಳು ಬಿಲ್ಲೆ) ಆಂಗಲ್‌ನ ಹೊರಮೈಗೆ ಫೆವಿಕ್ವಿಕ್ ಹಾಕಿ ಅಂಟಿಸಿ, ವೈರನ್ನು ಲ್ಯಾಪ್‌ಟಾಪಿನ ಮೈಕ್ ಪಿನ್ನಿಗೆ ಕೊಡಿ. ಅದು ಗಾಳಿಯ ಸದ್ದನ್ನು ಹೆಚ್ಚು ಹಿಡಿಯುವುದಿಲ್ಲ, ಹಳಿಯ ನಡುಕವನ್ನು ಹಿಡಿಯುತ್ತದೆ. ಮೊಬೈಲಿಗೆ ಕೊಡುವುದಾದರೆ ಬಿಲ್ಲೆಗೆ ಅಡ್ಡಲಾಗಿ 2.2 ಕಿಲೋ ಓಮ್ ರೆಸಿಸ್ಟರ್ ಬೆಸುಗೆ ಹಾಕಿ. ಇಲ್ಲದಿದ್ದರೆ ಮೈಕ್ ಸಿಕ್ಕಿಸಿದ್ದೇ ಫೋನಿಗೆ ಗೊತ್ತಾಗದೆ ಹೋಗಬಹುದು.

ಬರಬೇಕಾದ ಅಂಕಿಗಳು

ಇಳಿಜಾರು 0.050, ಘರ್ಷಣೆಯಿಲ್ಲ ಎಂದುಕೊಂಡರೆ ಲೆಕ್ಕದ ಪ್ರಕಾರ ವೇಗೋತ್ಕರ್ಷ 0.272 ಮೀ/ಸೆ². ಈ ಅಂಕಿ ಎಲ್ಲಿಂದ ಬಂತೆಂಬುದು ಮುಂದೆ ಬರುತ್ತದೆ. ಟಿಕ್‌ಗಳ ಕಾಲ:

5 ಸೆಂ.ಮೀ.: 0.607 ಸೆ.
20 ಸೆಂ.ಮೀ.: 1.213 ಸೆ.
45 ಸೆಂ.ಮೀ.: 1.820 ಸೆ.
80 ಸೆಂ.ಮೀ.: 2.427 ಸೆ.
125 ಸೆಂ.ಮೀ.: 3.034 ಸೆ.
180 ಸೆಂ.ಮೀ.: 3.640 ಸೆ.

ಬಿಟ್ಟ ಕ್ಷಣ ರೆಕಾರ್ಡಿಂಗಿನಲ್ಲಿ ಸ್ಪಷ್ಟವಾಗಿ ಇರುವುದಿಲ್ಲ. ಚಿಂತೆ ಬೇಡ, ಅದು ಬೇಕಾಗಿಯೂ ಇಲ್ಲ. ಒಂದು ಟಿಕ್‌ನಿಂದ ಮುಂದಿನದಕ್ಕೆ ಇರುವ ಅಂತರ ನೋಡಿ: ಐದೂ 0.607 ಆಸುಪಾಸು. ಆ ಅಂತರಗಳಲ್ಲಿ ಗುಂಡು ಹೋದ ದೂರ 15, 25, 35, 45, 55 ಸೆಂ.ಮೀ. ಪ್ರತಿ ಸಲ 10 ಸೆಂ.ಮೀ. ಹೆಚ್ಚು. ಸಮ ಕಾಲಾವಧಿಗಳಲ್ಲಿ ದೂರ ಹೆಚ್ಚುವ ಆ ಮೊತ್ತ aτ², ಇಲ್ಲಿ τ ಎಂದರೆ ಟಿಕ್ ಅಂತರ. ಆದ್ದರಿಂದ a = 0.10 ÷ τ². 0.607ರ ವರ್ಗ 0.368, ಭಾಗಿಸಿದರೆ 0.272. ಆರಂಭದ ಕ್ಷಣವೂ ಬೇಡ, ಸೂತ್ರ ಬಾಯಿಪಾಠವೂ ಬೇಡ.

ವೇಗ–ಕಾಲ ನಕ್ಷೆಗೆ ಇದೇ ಅಂಕಿ ಸಾಕು. 15 ಸೆಂ.ಮೀ. ÷ 0.607 = 24.7 ಸೆಂ.ಮೀ/ಸೆ. ಮುಂದಿನವು 41.2, 57.7, 74.2, 90.6. ಪ್ರತಿ ಸಲ 16.5 ಏರಿಕೆ. ಇವು ಸರಾಸರಿ ವೇಗಗಳು. ನಕ್ಷೆಯಲ್ಲಿ ಗುರುತಿಸುವಾಗ ಪ್ರತಿಯೊಂದನ್ನೂ ಅವಧಿಯ ನಡುಗಾಲಕ್ಕೆ ಹಾಕಬೇಕು. ವೇಗೋತ್ಕರ್ಷ ಏಕರೂಪವಾಗಿದ್ದಾಗ ಅವಧಿಯ ಸರಾಸರಿ ವೇಗವೂ ನಡುಗಾಲದ ಕ್ಷಣಿಕ ವೇಗವೂ ಒಂದೇ. ಅವಧಿಯ ಕೊನೆಗೆ ಹಾಕಿದರೆ ಗೆರೆಯ ಓರೆ ಸರಿಯಾಗಿಯೇ ಬರುತ್ತದೆ, ಆದರೆ ಗೆರೆ ಅರ್ಧ τ ಬಲಕ್ಕೆ ಸರಿದು ಸೊನ್ನೆಯನ್ನು ಮುಟ್ಟುವುದಿಲ್ಲ. ಆಗ ಮಕ್ಕಳು ‘ಆರಂಭಿಕ ವೇಗ ಋಣ’ ಎಂದು ಬರೆದು ತರುತ್ತಾರೆ. ಉತ್ತರಪತ್ರಿಕೆಗಳಲ್ಲಿ ಇದಕ್ಕಿಂತ ಹೆಚ್ಚು ಕಾಣುವ ತಪ್ಪು ಬಹಳ ಇಲ್ಲ.

ತಾಳ ತಪ್ಪಿದರೆ ಯಾರನ್ನು ಹಿಡಿಯಬೇಕು

ಮೊದಲ ಅಂತರ ಮಾತ್ರ ಚಿಕ್ಕದಾಗಿ, ಉಳಿದವು ಸರಿಗೆ ಹತ್ತಿರ ಬಂದರೆ ಸೊನ್ನೆ ತಪ್ಪಿದೆ ಅಥವಾ ಗುಂಡನ್ನು ನೂಕಲಾಗಿದೆ. ಗುಂಡಿನ ಕೇಂದ್ರದ ಬದಲು ಮೂತಿಯನ್ನು ಸೊನ್ನೆಗೆ ಇಟ್ಟರೆ ಅಂತರಗಳು 0.580, 0.597, 0.602, 0.604, 0.605 ಎಂದು ಬರುತ್ತವೆ. ಮೊದಲನೆಯದರಲ್ಲಿ ಶೇ. 4 ಕೊರತೆ, ಕೊನೆಯದರಲ್ಲಿ ಲೆಕ್ಕಕ್ಕಿಲ್ಲ. ಮೊದಲ ಅಂತರವನ್ನು ಬಿಟ್ಟು ಲೆಕ್ಕ ಮಾಡಿದರೂ ನಡೆದೀತು, ಆದರೆ ಸ್ಕೇಲ್ ಸರಿಸುವುದು ಎರಡು ನಿಮಿಷದ ಕೆಲಸ.

ನೂಕಿದ್ದರ ವಿಷಯ ಸ್ವಲ್ಪ ವಿಚಿತ್ರ. ಸೆಕೆಂಡಿಗೆ 3 ಸೆಂ.ಮೀ. ವೇಗದ ಸಣ್ಣ ನೂಕು ಬಿದ್ದಿದೆ ಎನ್ನಿ. ಬಿಟ್ಟ ಕ್ಷಣದಿಂದ ಕಾಲ ಎಣಿಸಿದವರಿಗೆ 5 ಸೆಂ.ಮೀ.ನ ಕಾಲ 0.607ರ ಬದಲು 0.506 ಬರುತ್ತದೆ, ಕಾಲದಲ್ಲಿ ಶೇ. 17 ತಪ್ಪು, a ಲೆಕ್ಕದಲ್ಲಿ ಶೇ. 40ಕ್ಕೂ ಮೇಲೆ. ಟಿಕ್‌ಗಳ ಅಂತರ ಅಳೆದವರಿಗೆ ಅದೇ ನೂಕಿನಿಂದ ಮೊದಲ ಅಂತರ 0.602, ಒಂದು ಶೇಕಡಾವೂ ತಪ್ಪಿಲ್ಲ. ಅಂತರದ ವಿಧಾನ ಸಣ್ಣ ನೂಕನ್ನು ಮನ್ನಿಸುತ್ತದೆ. ಸ್ಟಾಪ್‌ವಾಚಿನಲ್ಲೇ ಮಾಡಬೇಕಾದ ಪ್ರಸಂಗ ಬಂದರೆ s/t ಅನ್ನು t ಎದುರು ನಕ್ಷೆ ಹಾಕಿ. s = ut + ½at² ಅನ್ನು t ಇಂದ ಭಾಗಿಸಿದರೆ s/t = u + ½at; ಗೆರೆ ಲಂಬ ಅಕ್ಷವನ್ನು ಕಡಿಯುವಲ್ಲಿ ನೂಕಿನ ವೇಗ ಇರುತ್ತದೆ, ಓರೆಯ ಎರಡರಷ್ಟು a. s ಅನ್ನು t² ಎದುರು ಹಾಕುವ ರೂಢಿಯ ನಕ್ಷೆಯಲ್ಲಿ ಈ ದೋಷ ಹೀಗೆ ಬೇರೆಯಾಗಿ ಸಿಕ್ಕಿಬೀಳುವುದಿಲ್ಲ.

ಒಂದು ಅಂತರ ಚಿಕ್ಕದು, ಅದರ ಪಕ್ಕದ್ದು ಅಷ್ಟೇ ದೊಡ್ಡದು, ಉಳಿದವೆಲ್ಲ ಸರಿ: ನಡುವಿನ ಟೇಪು ಜಾಗ ತಪ್ಪಿದೆ. 5 ಸೆಂ.ಮೀ. ಗೆರೆಯಲ್ಲಿ 1 ಮಿ.ಮೀ. ತಪ್ಪಿದರೆ 6 ಮಿಲಿಸೆಕೆಂಡು, 45ರಲ್ಲಿ ಅದೇ 1 ಮಿ.ಮೀ. ತಪ್ಪಿಗೆ 2 ಮಿಲಿಸೆಕೆಂಡು. ಮೇಲಿನ ಪಟ್ಟಿಗಳನ್ನೇ ಹೆಚ್ಚು ಜೋಪಾನವಾಗಿ ಅಂಟಿಸಬೇಕು ಎಂಬುದು ಇದರಿಂದ ಸ್ಪಷ್ಟ.

ಒಂದು ಜಾಗದಿಂದ ಮುಂದಕ್ಕೆ ಎಲ್ಲವೂ ದೊಡ್ಡದಾದರೆ ಅಲ್ಲಿ ಏನೋ ಅಡ್ಡ ಇದೆ: ಎಂ-ಸೀಲಿನ ಚೂರು, ಕೆಮ್ಮಣ್ಣಿನ ಕಣ, ಟೇಪಿನ ಎದ್ದ ತುದಿ. ಕಳೆದ ವೇಗ ಮತ್ತೆ ಬರುವುದಿಲ್ಲವಾದ್ದರಿಂದ ದೋಷ ಕೆಳಗಿನವರೆಗೂ ಹಿಂಬಾಲಿಸುತ್ತದೆ. ಅಂಥ ಅಡ್ಡವಿಲ್ಲದೆ ಅಂತರಗಳು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಉದ್ದವಾಗುತ್ತಿದ್ದರೆ ಹಳಿ ನಡುವೆ ಜೋತಿದೆ, ಅಥವಾ ಟೇಪು ದಪ್ಪವಾಗಿದೆ. ಬೇರ್ಪಡಿಸಲು ನಡುವಿನ ನಾಲ್ಕು ಪಟ್ಟಿ ಕಿತ್ತು 5 ಮತ್ತು 180ನ್ನು ಮಾತ್ರ ಇಡಿ. ಒಟ್ಟು ಕಾಲ ಕಡಿಮೆಯಾದರೆ ಟೇಪು, ಬದಲಾಗದಿದ್ದರೆ ಜೋಲು.

9.8 ಯಾಕೆ ಬರುವುದಿಲ್ಲ

ಪುಸ್ತಕದ ಲೆಕ್ಕದಲ್ಲಿ ಇಳಿಜಾರಿನ ಮೇಲೆ a = g sinθ; g ಎಂದರೆ ಗುರುತ್ವ ವೇಗೋತ್ಕರ್ಷ, ಸುಮಾರು 9.8 ಮೀ/ಸೆ². ಅಳೆದ 0.272ನ್ನು 0.05ರಿಂದ ಭಾಗಿಸಿದರೆ 5.4. ಇಲ್ಲಿಗೆ ಬಂದು ಬಹಳ ಜನ ಉಪಕರಣವನ್ನೇ ಅಟ್ಟಕ್ಕೆ ಹಾಕುತ್ತಾರೆ. ಉಪಕರಣದ ತಪ್ಪಲ್ಲ. ಆ ಸೂತ್ರ ಘರ್ಷಣೆಯಿಲ್ಲದೆ ಜಾರುವ ವಸ್ತುವಿನದ್ದು. ಉರುಳುವ ಗುಂಡು ಕೆಳಗಿಳಿದು ಗಳಿಸಿದ ಶಕ್ತಿಯಲ್ಲಿ ಒಂದು ಪಾಲನ್ನು ತಿರುಗುವುದಕ್ಕೆ ಕೊಡಬೇಕು.

ಸಪಾಟು ಹಲಗೆಯ ಮೇಲೆ ಗಟ್ಟಿ ಗುಂಡಿನ ವೇಗೋತ್ಕರ್ಷ (5/7) g sinθ. ಇದನ್ನು ಹಾಕಿದರೂ ನಮ್ಮ ಹಳಿಯಲ್ಲಿ g 7.6 ಬರುತ್ತದೆ, ಯಾಕೆಂದರೆ ನಮ್ಮದು V. ಗುಂಡು ತಳದ ಮೇಲೆ ಉರುಳುತ್ತಿಲ್ಲ, ಎರಡು ಪಕ್ಕದ ಬಿಂದುಗಳ ಮೇಲೆ ಉರುಳುತ್ತಿದೆ. ತಿರುಗುವ ಅಕ್ಷದಿಂದ ಆ ಬಿಂದುಗಳ ದೂರ ಗುಂಡಿನ ತ್ರಿಜ್ಯ R ಅಲ್ಲ, R/√2. ಅದೇ ದೂರ ಹೋಗಲು ಗುಂಡು √2 ಪಟ್ಟು ಬೇಗ ತಿರುಗಬೇಕು, ತಿರುಗಾಟಕ್ಕೆ ಹೋಗುವ ಪಾಲು ಇಮ್ಮಡಿ. ಸಪಾಟಿನಲ್ಲಿ ಭಾಜಕ 1 + 2/5 ಇದ್ದದ್ದು V ಹಳಿಯಲ್ಲಿ 1 + 4/5 ಆಗುತ್ತದೆ. ಹೀಗಾಗಿ

a = (5/9) g sinθ, ಅಥವಾ g = 1.8 a ÷ sinθ.

0.272 × 1.8 ÷ 0.05 = 9.8. ಗುಂಡಿನ ತೂಕವೂ ಗಾತ್ರವೂ ಸೂತ್ರದಲ್ಲಿ ಇಲ್ಲ. ಉಕ್ಕಿನದ್ದನ್ನೂ ಗಾಜಿನದ್ದನ್ನೂ ಒಂದಾದ ಮೇಲೊಂದು ಬಿಟ್ಟು ರೆಕಾರ್ಡಿಂಗ್ ಹೋಲಿಸಿ, τ ಬಹುತೇಕ ಒಂದೇ. ಟೇಬಲ್ ಟೆನಿಸ್ ಚೆಂಡು ಮಾತ್ರ ಹಿಂದೆ ಬೀಳುತ್ತದೆ. ಅದು ಟೊಳ್ಳು, ಅದಕ್ಕೆ 5/9ರ ಬದಲು 3/7, ಮೇಲಾಗಿ ಗಾಳಿಯ ತಡೆ ಬೇರೆ. ಆಂಗಲ್ ಬದಲು ಚೌಕದ ಯು-ಚಾನೆಲ್ ಸಿಕ್ಕಿ ಗುಂಡು ಅದರ ಎರಡು ಅಂಚುಗಳ ಮೇಲೆ ಕೂತರೆ ಚಾನೆಲ್ಲಿನ ಒಳ ಅಗಲ w ಅಳೆದು, R² ಇಂದ (w/2)² ಕಳೆದು, ಅದರಿಂದ R² ಅನ್ನು ಭಾಗಿಸಿ. ಬಂದದ್ದನ್ನು 2/5ರಿಂದ ಗುಣಿಸಿ 1 ಕೂಡಿಸಿದರೆ ಭಾಜಕ ಸಿಗುತ್ತದೆ.

ಇಷ್ಟಾದರೂ 9.78ರ ಬದಲು 9.4, 9.5 ಬರುವುದು ಸಹಜ. ಉಳಿದ ಕೊರತೆ ಉರುಳುವ ಘರ್ಷಣೆಯದ್ದು, ಅದನ್ನೂ ಅಳೆಯಬಹುದು.

ಅಂದಹಾಗೆ ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ g ಕಾರವಾರಕ್ಕಿಂತ 0.002ರಷ್ಟು ಕಡಿಮೆ: ಲೆಕ್ಕದ ಪ್ರಕಾರ ಕಾರವಾರದಲ್ಲಿ 9.784, ಶಿರಸಿಯಲ್ಲಿ 9.782. ಈ ಹಳಿ ಅದನ್ನು ಹಿಡಿಯುತ್ತದೆಂದು ಯಾರಾದರೂ ವಿಜ್ಞಾನ ಮೇಳದಲ್ಲಿ ಹೇಳಿದರೆ ನಂಬಬೇಡಿ.

ಮಟ್ಟದ ಹಳಿ

ಒಂದು ಮೀಟರಿನ ತುಂಡನ್ನು ಇಳಿಜಾರಿನ ಕೆಳತುದಿಗೆ ಜೋಡಿಸಿ ಮಟ್ಟವಾಗಿ ಇಡಿ. ಕೂಡುವಲ್ಲಿ ಎರಡೂ ತುದಿಗಳನ್ನು ಅರದಿಂದ ಸಪಾಟು ಮಾಡಿ, ಮಟ್ಟದ ಹಳಿ ಕೂದಲೆಳೆಯಷ್ಟು ತಗ್ಗಿದ್ದರೆ ಅಡ್ಡಿಯಿಲ್ಲ, ಎತ್ತರವಿದ್ದರೆ ಗುಂಡು ಎಡವಿ ಹಾರುತ್ತದೆ. ಇಲ್ಲಿರುವ ಮುರಿವು 2.87 ಡಿಗ್ರಿ ಮಾತ್ರ, ಅದರಲ್ಲಿ ಹೋಗುವ ಶಕ್ತಿ ಶೇ. 0.25. ಬಾಗಿದ ಹಳಿ ಮಾಡುವ ಶ್ರಮ ಬೇಡ.

ಈ ಹಳಿಯಲ್ಲಿ 20, 50, 80 ಸೆಂ.ಮೀ.ಗೆ ಪಟ್ಟಿ ಅಂಟಿಸಿ. ಗುಂಡು ಸುಮಾರು 1 ಮೀ/ಸೆ. ವೇಗದಲ್ಲಿ ಬರುತ್ತದೆ, ಪ್ರತಿ 30 ಸೆಂ.ಮೀ.ಗೆ 0.3 ಸೆಕೆಂಡು. ಎರಡನೇ ಅಂತರ ಮೊದಲನೆಯದಕ್ಕಿಂತ ತುಸು ಉದ್ದ ಬರುತ್ತದೆ, ಅದು ಘರ್ಷಣೆ. ಈಗ ಹಳಿಯ ಆರಂಭದ ತುದಿಯನ್ನು ಕಾರ್ಡಿನ ತುಂಡುಗಳಿಂದ ಸ್ವಲ್ಪ ಸ್ವಲ್ಪವೇ ಎತ್ತುತ್ತ, ಎತ್ತಿದಷ್ಟು ಇಳಿಜಾರಿನ ಎರಡೂ ತುದಿಗಳನ್ನೂ ಎತ್ತುತ್ತ, ಎರಡು ಅಂತರಗಳು ಸಮವಾಗುವ ತನಕ ಹೋಗಿ. ಸಮವಾದಾಗಿನ ಓರೆಯನ್ನು ನೀರಿನ ಪೈಪಿನಿಂದ ಅಳೆಯಿರಿ. ಮೀಟರಿಗೆ 2 ಮಿ.ಮೀ. ಬಂತೆನ್ನಿ, ಆಗ ಘರ್ಷಣೆ ತಿನ್ನುವ ಇಳಿಜಾರು 0.002. ಮೇಲಿನ ಲೆಕ್ಕದಲ್ಲಿ sinθ 0.050 ಬದಲು 0.048 ಹಾಕಿದರೆ g ತನ್ನ ಜಾಗಕ್ಕೆ ಬರುತ್ತದೆ.

ಇನ್ನೊಂದು ದಾರಿಯೂ ಇದೆ. ಇಳಿಜಾರಿನ ಏರನ್ನು 5, 10, 15, 20 ಸೆಂ.ಮೀ. ಎಂದು ಬದಲಿಸಿ. ಘರ್ಷಣೆ ಇಲ್ಲದಿದ್ದರೆ τ ಕ್ರಮವಾಗಿ 0.858, 0.607, 0.495, 0.429 ಬರಬೇಕು. a ಅನ್ನು sinθ ಎದುರು ಹಾಕಿದರೆ ಬರುವ ಗೆರೆ ಸೊನ್ನೆಯಿಂದ ಹೊರಡದೆ ಬಲಕ್ಕೆ ಸರಿದಿರುತ್ತದೆ. ಅಡ್ಡ ಅಕ್ಷವನ್ನು ಕಡಿಯುವ ಜಾಗವೇ ಘರ್ಷಣೆಯ ಇಳಿಜಾರು, ಗೆರೆಯ ಓರೆಯ 1.8 ಪಟ್ಟು g. ಕಡಿದು ಮಾಡಿದರೆ ಘರ್ಷಣೆಯ ಪಾಲು ಸಣ್ಣದಾಗುತ್ತದಲ್ಲ ಎಂದು 20 ಸೆಂ.ಮೀ. ದಾಟಿಸಬೇಡಿ. ಟಿಕ್‌ಗಳು ಒಂದರ ಮೇಲೊಂದು ಬೀಳತೊಡಗುತ್ತವೆ, ಹಳಿ ಕೂಡುವಲ್ಲಿ ಗುಂಡು ಜಿಗಿಯುತ್ತದೆ.

ಮಟ್ಟದ ಹಳಿಯ ಕೊನೆಯನ್ನು ಬೆಂಚಿನ ಅಂಚಿಗೆ ತಂದರೆ ಎರಡು ಆಯಾಮದ ಚಲನೆಯೂ ಇಲ್ಲೇ ಆಗುತ್ತದೆ. ಮೊದಲು ಕಾರ್ಡುಗಳನ್ನು ತೆಗೆದು ಹಳಿಯನ್ನು ಪೂರ್ತಿ ಮಟ್ಟ ಮಾಡಿ. ಗಾರೆಯವರ ತೂಗುಗುಂಡನ್ನು ಹಳಿಯ ತುದಿಯಿಂದ ಇಳಿಬಿಟ್ಟು ನೆಲದಲ್ಲಿ ಗುರುತು ಹಾಕಿ, ಮುಂದೆ ಬಿಳಿ ಹಾಳೆ, ಅದರ ಮೇಲೆ ಕಾರ್ಬನ್ ಹಾಳೆ ಮಸಿ ಕೆಳಗಾಗಿ. ಎತ್ತರವನ್ನು ಬೆಂಚಿನಿಂದಲ್ಲ, ಹಳಿಯ ತುದಿಯಲ್ಲಿ ನಿಂತ ಗುಂಡಿನ ತಳದಿಂದ ಅಳೆಯಿರಿ. ಅದು 75 ಸೆಂ.ಮೀ. ಇದ್ದರೆ ಬೀಳುವ ಕಾಲ 0.392 ಸೆ.; ವೇಗ 1 ಮೀ/ಸೆ. ಇದ್ದರೆ ಗುಂಡು ಬೀಳಬೇಕಾದದ್ದು ತೂಗುಗುಂಡಿನ ಗುರುತಿನಿಂದ 39 ಸೆಂ.ಮೀ. ದೂರ. ವೇಗವನ್ನು 50–80 ಸೆಂ.ಮೀ. ಟಿಕ್‌ಗಳಿಂದಲೇ ತೆಗೆದುಕೊಳ್ಳಿ, ಇಳಿಜಾರಿನ ಲೆಕ್ಕದಿಂದಲ್ಲ. ಕಾರ್ಬನ್ ಚುಕ್ಕೆಗಳು ಒಂದು ಸೆಂಟಿಮೀಟರಿನೊಳಗೆ ಗುಂಪಾಗದೆ ಚದುರಿದ್ದರೆ ಬಿಡುವ ಸ್ಕೇಲನ್ನು ನೋಡಿ. ಗುಂಪಾಗಿದ್ದೂ ಎಲ್ಲವೂ ಲೆಕ್ಕಕ್ಕಿಂತ ಮುಂದೆ ಬಿದ್ದಿದ್ದರೆ ಹಳಿಯ ತುದಿ ಮೇಲ್ಮುಖವಾಗಿದೆ, ಹಿಂದೆ ಬಿದ್ದಿದ್ದರೆ ಕೆಳಮುಖ.

ಕೆಲಸ ಮುಗಿದ ಮೇಲೆ ಗುಂಡನ್ನು ಒರೆಸಿ, ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಸವರಿ ಮುಚ್ಚಳದ ಡಬ್ಬಿಗೆ ಹಾಕಿ, ಇಲ್ಲದಿದ್ದರೆ ಕಾರವಾರದ ಗಾಳಿಗೆ ಮೈಮೇಲೆ ಕೆಂಪು ಚುಕ್ಕೆ ಏಳುತ್ತದೆ. ಮುಂದಿನ ಸಲ ಬಳಸುವ ಮೊದಲು ಆ ಎಣ್ಣೆಯನ್ನು ಸೀಮೆಎಣ್ಣೆಯಿಂದ ಪೂರ್ತಿ ತೆಗೆಯಬೇಕು. ಎಣ್ಣೆಯ ಗುಂಡು ಧೂಳು ಮೆತ್ತಿಸಿಕೊಂಡು ಒಂದೇ ಓಟದಲ್ಲಿ ಹಳಿಯುದ್ದಕ್ಕೂ ಬಳಿಯುತ್ತದೆ.